ಕಿರು ಜಲಾನಯನದ ಐದು ವರ್ಷ: ಯಾವ ಹೊತ್ತಿಗೆ ಯಾರ ಬಾಗಿಲು ತಟ್ಟಬೇಕು

ನಮ್ಮ ಕಿರು ಜಲಾನಯನ (ಬಿದ್ದ ಮಳೆ ಒಂದೇ ಹಳ್ಳಕ್ಕೆ ಹರಿದು ಸೇರುವ ಪ್ರದೇಶ) ಯೋಜನೆಯ ಕೊನೆಯ ಬಳಕೆ ಪ್ರಮಾಣಪತ್ರ, ಅಂದರೆ ಬಂದ ಹಣ ಖರ್ಚಾದ ದಾಖಲೆ, ಸಲ್ಲಿಕೆಯಾಗಿದೆ, ಕಾಮಗಾರಿಗಳ ಪಟ್ಟಿ ಗ್ರಾಮ ಪಂಚಾಯಿತಿಗೆ ಹಸ್ತಾಂತರವಾಗಿದೆ. ಮುಂದಿನ ಹಂತದಲ್ಲಿ ಸಂಯೋಜಕರಾಗಿ ಬರುವವರಿಗಾಗಿ ತಂಡದವರೆಲ್ಲ ಕೂತು ಈ ಬರಹ ಸಿದ್ಧಪಡಿಸಿದ್ದೇವೆ. ಸೇರಿದ ದಿನವೇ ಮಾರ್ಗಸೂಚಿಯ ಪ್ರತಿ ನಿಮ್ಮ ಕೈಗೆ ಸಿಗುತ್ತದೆ. ಯಾವ ತಿಂಗಳಲ್ಲಿ ಯಾವ ಕಾಗದ ಕೈಯಲ್ಲಿರಬೇಕು, ಲೆಕ್ಕ ಎಲ್ಲಿ ತಪ್ಪುತ್ತದೆ, ತಪ್ಪುವ ಮೊದಲು ಯಾರನ್ನು ಕೇಳಬೇಕು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ. ಸಹಾಯ ಮಾಡುವ ಸಂಸ್ಥೆಗಳಿಗೆ ನಮ್ಮಲ್ಲಿ ಬರವಿಲ್ಲ. ತಡವಾಗಿ ಕೇಳಿದರೆ ಅವರಿಂದಲೂ ಏನೂ ಆಗುವುದಿಲ್ಲ. ಅಂದಾಜು ಪಟ್ಟಿಗೆ ಮಂಜೂರಾತಿ ಸಿಕ್ಕ ಮೇಲೆ ಮಣ್ಣಿನ ತಜ್ಞರನ್ನು ಕರೆಸಿದರೆ ಅವರು ತಲೆಯಾಡಿಸಿ ಹೋಗಬಹುದಷ್ಟೆ.

ಮೊದಲು ಹಣದ ಲೆಕ್ಕ

ಪ್ರಧಾನ ಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಘಟಕದ ಎರಡನೇ ಹಂತ 2021-22ರಲ್ಲಿ ಶುರುವಾಯಿತು. ಹಿಂದಿನ ಹಂತದಲ್ಲಿ ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 12,000 ರೂಪಾಯಿ ಇದ್ದದ್ದು ಈ ಹಂತದಲ್ಲಿ 22,000 ಆಯಿತು. ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಕ್ಕೆ 15,000 ಇದ್ದದ್ದು 28,000 ಆಯಿತು. ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು 60, ರಾಜ್ಯದ ಪಾಲು 40.

500 ಹೆಕ್ಟೇರಿನ ಒಂದು ಕಿರು ಜಲಾನಯನಕ್ಕೆ 1 ಕೋಟಿ 10 ಲಕ್ಷ ರೂಪಾಯಿ. ಗ್ರಾಮ ಸಭೆಯಲ್ಲಿ ಈ ಅಂಕಿಯನ್ನು ಮಾತ್ರ ಹೇಳಿ ಬಿಟ್ಟರೆ ಮುಂದಿನ ಐದು ವರ್ಷ "ಆ ಕೋಟಿ ಎಲ್ಲಿ ಹೋಯ್ತು ಸಾರ್?" ಎಂಬ ಪ್ರಶ್ನೆಗೆ ಉತ್ತರ ಹೇಳುತ್ತಲೇ ಇರಬೇಕಾಗುತ್ತದೆ. ಎಕರೆ ಲೆಕ್ಕಕ್ಕೆ ಇಳಿಸಿ ಹೇಳಿ: ಎಕರೆಗೆ ಸುಮಾರು 8,900 ರೂಪಾಯಿ, ಅದೂ ಎಲ್ಲ ವರ್ಷಗಳಿಗೆ ಸೇರಿ. ಆಡಳಿತ ವೆಚ್ಚ, ತರಬೇತಿ, ವಿವರವಾದ ಯೋಜನಾ ವರದಿ, ಮೌಲ್ಯಮಾಪನ, ಭೂರಹಿತರ ಜೀವನೋಪಾಯ, ಬೆಳೆ ಸುಧಾರಣೆ ಎಲ್ಲ ಕಳೆದು ಮಣ್ಣು ಮತ್ತು ನೀರಿನ ಕಾಮಗಾರಿಗೆ ಉಳಿಯುವುದು ಹೆಚ್ಚು ಕಡಿಮೆ ಅರ್ಧ. 2008ರ ಸಾಮಾನ್ಯ ಮಾರ್ಗಸೂಚಿ ಪರಿಷ್ಕರಣೆಯಾದಾಗ ಈ ಪಾಲು ನೂರಕ್ಕೆ 56 ಇತ್ತು. ಕಾಮಗಾರಿಯ ಬಾಬಿನಲ್ಲಿ ಎಕರೆಗೆ ನಾಲ್ಕೈದು ಸಾವಿರ ಎಂದು ಮೊದಲ ಸಭೆಯಲ್ಲೇ ಬೋರ್ಡಿನ ಮೇಲೆ ಬರೆದು ತೋರಿಸಿದರೆ, ಪ್ರತಿ ಹೊಲಕ್ಕೂ ಚೆಕ್ ಡ್ಯಾಂ ಕೇಳುವ ಬೇಡಿಕೆ ತಾನಾಗಿಯೇ ಇಳಿಯುತ್ತದೆ.

ಕಂತು ಬರುವ ಹೊತ್ತು ನಿಮ್ಮ ಕೈಯಲ್ಲಿಲ್ಲ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಬರುವುದಿಲ್ಲ, ಪ್ರಮಾಣಪತ್ರ ಹೋದ ಮೇಲೂ ಕಾಯಬೇಕು. ಒಮ್ಮೆ ಹಣ ಬಂದು ಮುಟ್ಟಿದಾಗ ಜೂನ್ ದಾಟಿತ್ತು, ಹೊಲದಲ್ಲಿ ಬಿತ್ತನೆ ಮುಗಿದಿತ್ತು. ಗುರುತು ಹಾಕಿಟ್ಟಿದ್ದ ಬದುಗಳ ಜಾಗದಲ್ಲೇ ಕೆಂಪು ನೀರು ಕೊಚ್ಚಿ ಹೋಗುವುದನ್ನು ನಿಂತು ನೋಡುವ ಸಂಕಟ ಯಾರಿಗೂ ಬೇಡ. ಆದ್ದರಿಂದ ಜನವರಿಯಿಂದ ಮೇ ನಡುವಿನ ಕೆಲಸಕ್ಕೆ ಬೇಕಾದ ಅಂದಾಜು, ತಾಂತ್ರಿಕ ಮಂಜೂರಾತಿ, ಒಪ್ಪಿಗೆ ಪತ್ರಗಳನ್ನು ಅಕ್ಟೋಬರಿನಲ್ಲೇ ಮುಗಿಸಿಡಿ. ಹಣ ಬಂದ ವಾರವೇ ಮಣ್ಣು ಎತ್ತುವಂತಿರಬೇಕು. ಉದ್ಯೋಗ ಖಾತ್ರಿಯಿಂದ ಮಾಡಿಸಬಹುದಾದ ಬದು, ಕೃಷಿ ಹೊಂಡ, ಹೂಳೆತ್ತುವ ಕೆಲಸಗಳನ್ನು ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸುವುದಕ್ಕೂ ಅದೇ ಕಾಲ. ಗ್ರಾಮ ಸಭೆಯ ನಡಾವಳಿಯಲ್ಲಿ ಸರ್ವೆ ನಂಬರ್ ಸಮೇತ ಕಾಮಗಾರಿಯ ಹೆಸರು ಇಲ್ಲದಿದ್ದರೆ ಆಮೇಲೆ ಸೇರಿಸಲು ಇನ್ನೊಂದು ವರ್ಷ.

ನಕ್ಷೆ, ಪಹಣಿ, ಒಪ್ಪಿಗೆ

ಮೊದಲ ಮೂರು ತಿಂಗಳು ಪೂರ್ತಿ ಕಾಗದದ ಕೆಲಸ. ಇದನ್ನು ಬೇಸರವಿಲ್ಲದೆ ಮಾಡಿದವರಿಗೆ ಉಳಿದ ನಾಲ್ಕು ಮುಕ್ಕಾಲು ವರ್ಷ ಹಗುರ.

ಬೇಕಾದವು ಇವು: 1:50,000 ಅಳತೆಯ ಸರ್ವೆ ಆಫ್ ಇಂಡಿಯಾ ನಕ್ಷೆ, ಜಲಾನಯನದ ಗಡಿ ಮತ್ತು ಸಂಕೇತ ಸಂಖ್ಯೆ ಇರುವ ನಕ್ಷೆ, ಪ್ರತಿ ಊರಿನ ಗ್ರಾಮ ನಕ್ಷೆ, ಎಲ್ಲ ಸರ್ವೆ ನಂಬರುಗಳ ಪಹಣಿ, ಮತ್ತು ಸಿಕ್ಕರೆ ಭೂ ಸಂಪನ್ಮೂಲ ಸಮೀಕ್ಷೆಯ ನಕ್ಷೆ ಪುಸ್ತಕ. ಈ ಕೊನೆಯದು ನಮ್ಮ ರಾಜ್ಯದ ಸಂಯೋಜಕರಿಗೆ ಸಿಕ್ಕಿರುವ ದೊಡ್ಡ ಆಸರೆ. ವಿಶ್ವ ಬ್ಯಾಂಕ್ ನೆರವಿನ ಸುಜಲ-3 ಯೋಜನೆಯಲ್ಲಿ ಶುರುವಾದ ಈ ಸಮೀಕ್ಷೆ 2021ರ ರಿವಾರ್ಡ್ ಕಾರ್ಯಕ್ರಮದಲ್ಲಿ ಮುಂದುವರಿಯಿತು. 1:7,920 ಅಳತೆಯ ಗ್ರಾಮ ನಕ್ಷೆಯ ಮೇಲೆ ಮಣ್ಣಿನ ಆಳ, ಕಣರಚನೆ, ಗರಸಿನ ಪ್ರಮಾಣ, ಇಳಿಜಾರು, ಸವಕಳಿ, ನೀರು ಹಿಡಿಯುವ ಶಕ್ತಿ ಎಲ್ಲವನ್ನೂ ಸರ್ವೆ ನಂಬರ್ ಗುರುತಿಸುವಷ್ಟು ವಿವರವಾಗಿ ಕೊಟ್ಟಿದ್ದಾರೆ. ನಿಮ್ಮ ಕಿರು ಜಲಾನಯನಕ್ಕೆ ಅದು ಆಗಿದೆಯೇ ಎಂದು ಜಿಲ್ಲಾ ಕಚೇರಿಯಲ್ಲಿ ಮೊದಲ ವಾರವೇ ವಿಚಾರಿಸಿ. ಆಗಿದ್ದರೆ ಬದುವಿನ ವಿನ್ಯಾಸಕ್ಕೆ ಬೇಕಾದ ಅರ್ಧ ಮಾಹಿತಿ ಕೈಗೆ ಬಂದಂತೆ. ಆಗಿಲ್ಲದಿದ್ದರೆ ಪ್ರತಿ ಮಣ್ಣಿನ ಬಗೆಗೆ ಒಂದೊಂದು ಗುಂಡಿ ತೆಗೆದು ಆಳ ಅಳೆಯುವುದೇ ದಾರಿ.

ಹೊಲದಲ್ಲಿ ನಿಂತು ಇದು ಯಾವ ಸರ್ವೆ ನಂಬರ್ ಎಂದು ತಿಳಿಯಲು ರಾಜ್ಯ ದೂರಸಂವೇದಿ ಕೇಂದ್ರದ ದಿಶಾಂಕ್ ಆ್ಯಪ್ ಸಾಕು. ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಗಡಿ ಬದುವಿನ ಜಗಳಕ್ಕೆ ಅದನ್ನು ಸಾಕ್ಷಿಯಾಗಿ ಹಿಡಿಯಬೇಡಿ, ಅಲ್ಲಿ ಭೂಮಾಪಕರೇ ಬರಬೇಕು.

ಇಲ್ಲಿ ಎದುರಾಗುವ ಮೊದಲ ತೊಡಕು ಗಡಿಯದು. ಜಲಾನಯನದ ಗಡಿ ದಿಣ್ಣೆಯ ನೆತ್ತಿ ಹಿಡಿದು ಹೋಗುತ್ತದೆ, ಊರಿನ ಗಡಿ ಕಂದಾಯ ದಾಖಲೆ ಹಿಡಿದು ಹೋಗುತ್ತದೆ. ಒಂದೇ ಕಿರು ಜಲಾನಯನ ಎರಡು ಪಂಚಾಯಿತಿಗೆ ಹಂಚಿಹೋಗಿರುವುದು, ಒಬ್ಬರ ನಾಲ್ಕೆಕರೆಯಲ್ಲಿ ಎರಡೆಕರೆ ಮಾತ್ರ ಒಳಗೆ ಬರುವುದು ತೀರ ಸಾಮಾನ್ಯ. ಎರಡೂ ಪಂಚಾಯಿತಿಗಳಲ್ಲಿ ಗ್ರಾಮ ಸಭೆ ಮಾಡಿಸಿ, ಎರಡೂ ಕಡೆ ನಡಾವಳಿ ಬರೆಸಿ. ಒಂದು ಕಡೆಯದು ಸಾಕು ಅಂದುಕೊಂಡರೆ ಬಿಲ್ಲು ಪಾಸಾಗುವ ಹೊತ್ತಿಗೆ ಸಿಕ್ಕಿಬೀಳುತ್ತೀರಿ.

ಎರಡನೆಯದು ಪಹಣಿಯದು. ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರು, ಹನ್ನೆರಡರಲ್ಲಿ ಸಾಗುವಳಿದಾರರ ಹೆಸರು ಇರುತ್ತದೆ. ಒಂಬತ್ತರಲ್ಲಿ ಇರುವವರು ತೀರಿಕೊಂಡು ಹತ್ತಾರು ವರ್ಷ ಆಗಿರುತ್ತದೆ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳುತ್ತಿರುತ್ತಾರೆ, ಪೋಡಿ (ಅಳತೆ ಮಾಡಿ ಸರ್ವೆ ನಂಬರ್ ಬೇರ್ಪಡಿಸುವುದು) ಆಗಿರುವುದಿಲ್ಲ. ಇಂಥ ಕಡೆ ಒಬ್ಬರ ಸಹಿ ತೆಗೆದುಕೊಂಡು ಬದು ಹಾಕಿದರೆ ಇನ್ನೊಬ್ಬರು ತಡೆ ತರುತ್ತಾರೆ. ಉಳುತ್ತಿರುವ ಎಲ್ಲರ ಸಹಿ, ಪಂಚಾಯಿತಿ ಸದಸ್ಯರೊಬ್ಬರ ಸಾಕ್ಷಿ, ಹೊಲದ ಕೈನಕ್ಷೆ ಮೂರೂ ಒಂದೇ ಹಾಳೆಯಲ್ಲಿ ಇರಲಿ. ಹೊಲದಲ್ಲಿ ದುಡಿಯುವ ಹೆಣ್ಣುಮಕ್ಕಳನ್ನೂ ಆ ಹೊತ್ತಿಗೆ ಅಲ್ಲಿಗೇ ಕರೆಸಿ. ನೀರು ಎಲ್ಲಿಂದ ನುಗ್ಗುತ್ತದೆ, ಎಲ್ಲಿ ನಿಂತು ಬೆಳೆ ಕೊಳೆಯುತ್ತದೆ ಎಂಬುದು ಕಳೆ ತೆಗೆಯುವವರಿಗೆ ಗೊತ್ತಿರುವಷ್ಟು ಖಾತೆದಾರರಿಗೆ ಗೊತ್ತಿರುವುದಿಲ್ಲ.

ಅರಣ್ಯದ ಗಡಿಯೊಳಗೆ ದಿಣ್ಣೆಯ ನೆತ್ತಿ ಬಿದ್ದಿದ್ದರೆ ಅಲ್ಲಿನ ಕೆಲಸ ಅರಣ್ಯ ಇಲಾಖೆಯ ಮೂಲಕವೇ ಆಗಬೇಕು. ಪತ್ರವನ್ನು ಮೊದಲ ತಿಂಗಳೇ ಕೊಡಿ, ಯಾಕೆಂದರೆ ಮೇಲಿನ ಭಾಗ ಬಾಕಿ ಉಳಿದರೆ ಕೆಳಗಿನದನ್ನು ಶುರುಮಾಡುವಂತಿಲ್ಲ.

ಸಮಿತಿ ಮತ್ತು ಮೊದಲ ಕೆಲಸ

ಜಲಾನಯನ ಸಮಿತಿಯನ್ನು ಗ್ರಾಮ ಸಭೆಯೇ ರಚಿಸಬೇಕು. ಕನಿಷ್ಠ ಹತ್ತು ಸದಸ್ಯರು, ಅದರಲ್ಲಿ ಅರ್ಧದಷ್ಟಾದರೂ ಸ್ವಸಹಾಯ ಸಂಘ, ಬಳಕೆದಾರರ ಗುಂಪು, ಪರಿಶಿಷ್ಟ ಜಾತಿ ಮತ್ತು ಪಂಗಡ, ಮಹಿಳೆಯರು, ಭೂರಹಿತರ ಕಡೆಯವರು. ಹೆಸರು ಬರೆಸುವುದು ಸುಲಭ, ಸಭೆಗೆ ಬರುವುದು ಕಷ್ಟ. ಕೂಲಿ ಕಳೆದುಕೊಂಡು ಹಗಲು ಸಭೆಗೆ ಬರಲು ಭೂರಹಿತರಿಗೆ ಆಗುವುದಿಲ್ಲ. ಸಂಜೆ ಏಳರ ಮೇಲೆ, ಅವರ ಕೇರಿಯಲ್ಲೇ ಸಭೆ ಇಟ್ಟರೆ ಬರುತ್ತಾರೆ, ಮಾತಾಡುತ್ತಾರೆ.

ಪ್ರವೇಶ ಹಂತದ ಚಟುವಟಿಕೆಗೆ, ಅಂದರೆ ಊರಿನವರ ವಿಶ್ವಾಸ ಗಳಿಸಲು ಮೊದಲು ಮಾಡುವ ಕೆಲಸಕ್ಕೆ, ಸಿಗುವುದು ಸಣ್ಣ ಮೊತ್ತ. ಕಮಾನು, ಕಾಂಪೌಂಡು, ಬಣ್ಣ ಬಳಿಯುವುದು ಎಂಬ ಒತ್ತಡ ಬಂದೇ ಬರುತ್ತದೆ. ಗೋಕಟ್ಟೆಯ ಹೂಳೆತ್ತಿಸುವುದು, ದನ ಕುಡಿಯುವ ತೊಟ್ಟಿ ಕಟ್ಟಿಸುವುದು ಇಂಥದ್ದಕ್ಕೇ ಪಟ್ಟು ಹಿಡಿಯಿರಿ. ಮೊದಲ ಮಳೆಗೆ ತುಂಬಿದ ಗೋಕಟ್ಟೆ ಮಾಡುವ ಪ್ರಚಾರವನ್ನು ಯಾವ ಕರಪತ್ರವೂ ಮಾಡಲಾರದು.

ಸರ್ವೆ ನಂಬರ್‌ವಾರು ಯೋಜನೆಗೆ ದಿನ ಎಷ್ಟು ಬೇಕೆಂದು ಎಲ್ಲರೂ ಕಡಿಮೆ ಅಂದಾಜಿಸುತ್ತಾರೆ. ಹೊಲ ಹೊಲಕ್ಕೆ ಹೋಗಿ, ಕೂತು ಮಾತಾಡಿ, ಇಳಿಜಾರು ಅಳೆದು, ಸಹಿ ಪಡೆಯುವುದಾದರೆ ದಿನಕ್ಕೆ ಹತ್ತು ಹೆಕ್ಟೇರ್ ದಾಟುವುದಿಲ್ಲ. 500 ಹೆಕ್ಟೇರಿಗೆ ಐವತ್ತು ದಿನ ಎತ್ತಿಡಿ. ಕಚೇರಿಯಲ್ಲಿ ಕೂತು ಎರಡು ವಾರದಲ್ಲಿ ಮುಗಿಸಿದ ಯೋಜನಾ ವರದಿಯನ್ನು ಹೊಲಕ್ಕೆ ಒಯ್ದರೆ ಬಂಡೆಯ ಮೇಲೆ ಕಂದಕ, ಬಾವಿಯ ಮೇಲೆ ಬದು ಬಂದಿರುತ್ತದೆ.

ಬದು, ಕೋಡಿ, ಹೊಂಡ: ತಪ್ಪು ನುಸುಳುವ ಜಾಗಗಳು

ಬದುವಿನ ನಡುವಿನ ಅಂತರಕ್ಕೆ ಬಳಕೆಯಲ್ಲಿರುವ ಹಳೆಯ ಸೂತ್ರ ಸರಳ. ಇಳಿಜಾರಿನ ಶೇಕಡಾ ಅಂಕಿಯನ್ನು ಮೂರರಿಂದ ಭಾಗಿಸಿ, ಎರಡು ಕೂಡಿಸಿ, 0.3ರಿಂದ ಗುಣಿಸಿದರೆ ಒಂದು ಬದುವಿನಿಂದ ಇನ್ನೊಂದಕ್ಕೆ ಎಷ್ಟು ಮೀಟರ್ ಇಳಿತ ಇರಬೇಕೆಂಬುದು ಬರುತ್ತದೆ. ಶೇಕಡಾ 3 ಇಳಿಜಾರಿಗೆ 0.9 ಮೀಟರ್ ಇಳಿತ, ಅಂದರೆ 30 ಮೀಟರ್ ಅಂತರ, ಹೆಕ್ಟೇರಿಗೆ ಸುಮಾರು 333 ಮೀಟರ್ ಬದು. ಬುಡ ಒಂದೂವರೆ ಮೀಟರ್ ಅಗಲವಿದ್ದರೆ ಹೆಕ್ಟೇರಿಗೆ 500 ಚದರ ಮೀಟರ್, ಅಂದರೆ ನೂರಕ್ಕೆ ಐದು ಭಾಗ ಜಮೀನು ಬದುವಿಗೆ ಹೋಗುತ್ತದೆ.

"ನನ್ನ ನಾಲ್ಕು ಸಾಲು ಹೋಗ್ತಾವಲ್ರೀ ಸರ್" ಎಂದು ರೈತರು ಹೇಳುವುದು ನಿಜವೇ. ಏನೂ ಹೋಗುವುದಿಲ್ಲ ಎಂದು ಸುಳ್ಳು ಭರವಸೆ ಕೊಡಬೇಡಿ. ಲೆಕ್ಕ ತೋರಿಸಿ, ಬದುವಿನ ಮೇಲೆ ತೊಗರಿ ಅಥವಾ ಮೇವಿನ ಹುಲ್ಲು ಹಾಕಿ ಎಷ್ಟು ಮರಳಿ ಪಡೆಯಬಹುದು ಎಂದು ಹೇಳಿ. ಹಾಗೆ ಹೇಳಿದ ಕಡೆ ಬದು ಉಳಿದಿವೆ. ಮುಚ್ಚಿಟ್ಟ ಕಡೆ ಎರಡನೇ ವರ್ಷವೇ ನೇಗಿಲು ಬದುವಿನ ಬುಡ ಕೆರೆದಿರುತ್ತದೆ.

ಎರೆಮಣ್ಣಿನಲ್ಲಿ ಸಮಪಾತಳಿ ಬದು (ಒಂದೇ ಮಟ್ಟದಲ್ಲಿ ಸಾಗುವ ಬದು) ಹಾಕಬೇಡಿ. ಆಳವಾದ ಎರೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮೊದಲ ಮಳೆಯ ನೀರು ಆ ಬಿರುಕಿನಲ್ಲೇ ನುಗ್ಗಿ ಬದು ಒಡೆಯುತ್ತದೆ. ಒಡೆಯದಿದ್ದರೆ ನೀರು ವಾರಗಟ್ಟಲೆ ನಿಂತು ಬೆಳೆ ಹಳದಿಯಾಗುತ್ತದೆ. ಅಲ್ಲಿ ನೂರು ಮೀಟರಿಗೆ ಇಪ್ಪತ್ತು ಸೆಂಟಿಮೀಟರ್‌ನಷ್ಟು ಇಳಿತ ಕೊಟ್ಟ ಬದು ಹಾಕಿ, ನೀರನ್ನು ನಿಧಾನವಾಗಿ ಹುಲ್ಲು ಹಾಸಿದ ಕಾಲುವೆಗೆ ಒಯ್ಯಬೇಕು. ಕೆಂಪು ಮಸಾರಿಯಲ್ಲಿ ಕಂದಕ ಬದು (ಕಂದಕ ತೋಡಿದ ಮಣ್ಣಿನಿಂದಲೇ ಪಕ್ಕದಲ್ಲಿ ಹಾಕುವ ಬದು) ಚೆನ್ನಾಗಿ ಕೂರುತ್ತದೆ. ಕಂದಕಕ್ಕೂ ಬದುವಿಗೂ ನಡುವೆ ಮೂವತ್ತು ಸೆಂಟಿಮೀಟರ್ ಜಾಗ ಬಿಡದಿದ್ದರೆ ಹಾಕಿದ ಮಣ್ಣೇ ಮರಳಿ ಕಂದಕ ಸೇರುತ್ತದೆ. ಕೈಯಲ್ಲಿ ಹಾಕಿದ ಸಡಿಲ ಮಣ್ಣು ಮೊದಲ ಮಳೆಗೆ ನಾಲ್ಕನೇ ಒಂದು ಪಾಲಿನವರೆಗೂ ಕುಗ್ಗಬಹುದು. 60 ಸೆಂಟಿಮೀಟರ್ ಎತ್ತರ ನಿಲ್ಲಬೇಕಿದ್ದರೆ 80ಕ್ಕೆ ಏರಿಸಿ.

ಒಡೆದ ಬದುಗಳ ಹತ್ತಿರ ಹೋಗಿ ನೋಡಿದರೆ ಹೆಚ್ಚಿನ ಕಡೆ ಕಾರಣ ಕೋಡಿ, ಅಂದರೆ ಹೆಚ್ಚಾದ ನೀರು ಹೊರಹೋಗುವ ದಾರಿ. ಬದು ಮುಗಿಸಿ ಕೋಡಿಯನ್ನು ಆಮೇಲೆ ಕಟ್ಟೋಣ ಎಂದು ಬಿಟ್ಟಿರುತ್ತಾರೆ, ಅಷ್ಟರಲ್ಲಿ ಮಳೆ ಬರುತ್ತದೆ. ಕೋಡಿಯ ಮಟ್ಟವನ್ನು ಕಣ್ಣಂದಾಜಿನಲ್ಲಿ ಇಟ್ಟರೆ ಬದುವಿನ ತಗ್ಗಿನ ಭಾಗ ಕೋಡಿಗಿಂತ ಕೆಳಗಿರುತ್ತದೆ, ನೀರು ಅಲ್ಲೇ ಹಾರುತ್ತದೆ. ಮಟ್ಟ ನೋಡುವ ಡಂಪಿ ಲೆವೆಲ್ ಉಪಕರಣ ಇಲ್ಲದಿದ್ದರೆ ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ನೋಡುವ ಮಟ್ಟಪಟ್ಟಿಯೂ ಸಾಕು. ಮಟ್ಟ ನೋಡದೆ ಮಾತ್ರ ಕಲ್ಲು ಇಡಬೇಡಿ.

ಹಳ್ಳದ ತಡೆಗಳ ಕೋಡಿಗೆ ಲೆಕ್ಕ ಹೀಗೆ. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದು ಹೋಗುವ ಪಾಲು), ಗಂಟೆಗೆ ಬೀಳುವ ಮಳೆಯ ಮಿಲಿಮೀಟರ್, ಮೇಲಿನ ಪ್ರದೇಶದ ಹೆಕ್ಟೇರ್ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಎಂಬುದು ಸಿಗುತ್ತದೆ. ಗುಣಾಂಕ 0.3, ಮಳೆ ಗಂಟೆಗೆ 60 ಮಿಲಿಮೀಟರ್, ಪ್ರದೇಶ 25 ಹೆಕ್ಟೇರ್ ಆದರೆ 1.25 ಘನ ಮೀಟರ್. ಅಗಲ ತಲೆಯ ಕೋಡಿಯಲ್ಲಿ ಹರಿಯುವ ನೀರು ಎಂದರೆ 1.7, ಕೋಡಿಯ ಉದ್ದ, ನೀರಿನ ಎತ್ತರದ ಒಂದೂವರೆ ಘಾತ ಇವುಗಳ ಗುಣಲಬ್ಧ. 45 ಸೆಂಟಿಮೀಟರ್ ಎತ್ತರಕ್ಕೆ ನೀರು ಹರಿಯಲು ಬಿಟ್ಟರೆ ಎರಡೂವರೆ ಮೀಟರ್ ಉದ್ದದ ಕೋಡಿ ಬೇಕಾಗುತ್ತದೆ. ಅದರ ಮೇಲೆ ಇನ್ನೂ ಮೂವತ್ತು ಸೆಂಟಿಮೀಟರ್ ಗೋಡೆ ಏರಿಸಿ. ಹಳೆಯ ಅಂದಾಜಿನ ಪ್ರತಿ ತೆಗೆದು ಹೆಸರು ಬದಲಿಸಿ ಕಳುಹಿಸುವ ಅಭ್ಯಾಸ ಎಲ್ಲ ಕಡೆ ಇದೆ. 25 ಹೆಕ್ಟೇರಿನ ವಿನ್ಯಾಸವನ್ನು 70 ಹೆಕ್ಟೇರಿನ ಹಳ್ಳಕ್ಕೆ ಇಟ್ಟರೆ ಮೊದಲ ಜೋರುಮಳೆಗೆ ಪಕ್ಕದ ದಡವೇ ಕೊಚ್ಚಿ, ಚೆಕ್ ಡ್ಯಾಂ ಹಳ್ಳದ ನಡುವೆ ಒಂಟಿ ಗೋಡೆಯಾಗಿ ನಿಲ್ಲುತ್ತದೆ.

ಮೇಲಿನ ಕೊರಕಲುಗಳಲ್ಲಿ ಗುಂಡುಕಲ್ಲಿನ ತಡೆ ಸಾಕು. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ಒಂದು ಮೀಟರ್ ಎತ್ತರದ ತಡೆಗೆ ಶೇಕಡಾ 5 ಇಳಿಜಾರಿನಲ್ಲಿ 20 ಮೀಟರಿಗೊಂದು. ನಡುಭಾಗ ಅಂಚಿಗಿಂತ ಇಪ್ಪತ್ತು ಮೂವತ್ತು ಸೆಂಟಿಮೀಟರ್ ತಗ್ಗಿರಲಿ, ದೊಡ್ಡ ಕಲ್ಲು ಕೆಳಮುಖದಲ್ಲಿರಲಿ, ಎರಡೂ ತುದಿ ದಡದೊಳಗೆ ಅರ್ಧ ಮೀಟರಾದರೂ ಹೂತಿರಲಿ. ನಡುವೆ ಉಬ್ಬಿದ ತಡೆ ನೀರನ್ನು ದಡಕ್ಕೆ ತಳ್ಳಿ ಕೊರಕಲನ್ನು ಇನ್ನಷ್ಟು ಅಗಲ ಮಾಡುತ್ತದೆ.

ಕೃಷಿ ಹೊಂಡದ ಅಳತೆಯಲ್ಲಿ ಜನ ಮೋಸ ಹೋಗುವುದು ಪಕ್ಕದ ಇಳಿಜಾರು ಮರೆತು. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ 432 ಘನ ಮೀಟರ್ ಹಿಡಿಯುವುದಿಲ್ಲ. ಒಂದಕ್ಕೊಂದು ಇಳಿಜಾರು (ಒಂದು ಮೀಟರ್ ಆಳಕ್ಕೆ ಒಂದು ಮೀಟರ್ ಒಳಕ್ಕೆ) ಕೊಟ್ಟರೆ ತಳ 6 ಮೀಟರಿಗೆ ಬಂದು, ನಿಜವಾಗಿ ಹಿಡಿಯುವುದು 252 ಘನ ಮೀಟರ್. 21 ಮೀಟರ್ ಚೌಕದ್ದು 981, 10 ಮೀಟರ್ ಚೌಕದ್ದು ಬರೀ 156. ಒಂದು ಎಕರೆಗೆ 50 ಮಿಲಿಮೀಟರ್‌ನಂತೆ ಒಂದು ಸಲ ರಕ್ಷಣಾ ನೀರು (ಮಳೆ ಕೈಕೊಟ್ಟಾಗ ಬೆಳೆ ಉಳಿಸುವ ನೀರು) ಕೊಡಲು 202 ಘನ ಮೀಟರ್ ಬೇಕು. ಅಂದರೆ 12 ಮೀಟರ್ ಹೊಂಡ, ಇಂಗಿದ್ದು ಆರಿದ್ದು ಕಳೆದರೆ, ಒಂದು ಎಕರೆಗೆ ಒಂದೇ ನೀರು. ಇದನ್ನು ರೈತರಿಗೆ ಮೊದಲೇ ಹೇಳಬೇಕು. ಕೆಂಪು ಮಣ್ಣಿನಲ್ಲಿ ಹೊದಿಕೆ ಹಾಕದೆ ನೀರು ನಿಲ್ಲುವುದಿಲ್ಲ, ನೀರು ಒಳಬರುವ ಬಾಯಿಯಲ್ಲಿ ಹೂಳು ಗುಂಡಿ ಇಲ್ಲದಿದ್ದರೆ ಮೂರು ಮಳೆಗಾಲದಲ್ಲಿ ತಳ ಮೇಲೇರುತ್ತದೆ. ಬೇಲಿಯ ವಿಷಯದಲ್ಲಿ ರಾಜಿಯೇ ಬೇಡ. ಹೊದಿಕೆ ಹಾಕಿದ ಹೊಂಡಕ್ಕೆ ಬಿದ್ದ ಮಗು ಜಾರುವ ಪ್ಲಾಸ್ಟಿಕ್ಕಿನ ಮೇಲೆ ಹತ್ತಿ ಬರಲಾರದು. ಬೇಲಿಯ ಮೊತ್ತ ಅಂದಾಜಿನಲ್ಲಿ ಇಲ್ಲದ ಹೊಂಡಕ್ಕೆ ಸಹಿ ಹಾಕಬೇಡಿ. ಒಳಗೆ ಗಂಟು ಹಾಕಿದ ಹಗ್ಗವೊಂದನ್ನು ಇಳಿಬಿಡುವುದಕ್ಕೆ ಯಾವ ಮಂಜೂರಾತಿಯೂ ಬೇಕಿಲ್ಲ.

ನೀರಿನ ಲೆಕ್ಕ ಮಾಡದಿದ್ದರೆ

ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಊರುಗಳ ನಡುವೆ ಮನಸ್ತಾಪ ತರುವುದು ಇದೇ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳುವ ಕಡೆ ಅದರ ಹತ್ತನೇ ಒಂದು ಪಾಲು ಹರಿದು ಹೋಗುತ್ತದೆ ಎಂದಿಟ್ಟುಕೊಂಡರೆ ಹೆಕ್ಟೇರಿಗೆ 600 ಘನ ಮೀಟರ್, 500 ಹೆಕ್ಟೇರಿಗೆ 3 ಲಕ್ಷ ಘನ ಮೀಟರ್. ನಾವು ಕಟ್ಟುವ ಬದು, ಕಂದಕ, ಹೊಂಡ, ಚೆಕ್ ಡ್ಯಾಂಗಳೆಲ್ಲ ಸೇರಿ ಹಿಡಿಯುವುದೆಷ್ಟು, ವರ್ಷಕ್ಕೆ ಎಷ್ಟು ಸಲ ತುಂಬುತ್ತವೆ ಎಂದು ಕೂಡಿಸಿ ನೋಡಿ. ಅದು ಆ 3 ಲಕ್ಷದ ಹತ್ತಿರ ಬಂದರೆ ಕೆಳಗಿನ ಊರಿನ ಕೆರೆಗೆ ನೀರಿಲ್ಲ.

ಮೇಲೆ ಬದು ಚೆನ್ನಾಗಿ ಕೂತ ಮೇಲೆ ಕೆಳಗಿನ ಹಳ್ಳದಲ್ಲಿ ಹರಿವು ಕಡಿಮೆಯಾಗುವುದು ಸಹಜ. ಇದಕ್ಕಾಗಿಯೇ ದಿಣ್ಣೆಯಿಂದ ಹಳ್ಳಕ್ಕೆ ಎಂಬ ಕ್ರಮ ಇರುವುದು. ಮೇಲಿನದನ್ನು ಮುಗಿಸಿ, ಒಂದು ಮಳೆಗಾಲ ನೋಡಿ, ಆಮೇಲೆ ಹಳ್ಳಕ್ಕೆ ಎಷ್ಟು ತಡೆ ಬೇಕೆಂದು ತೀರ್ಮಾನಿಸಬೇಕು. ಆದರೆ ಒತ್ತಡವೆಲ್ಲ ಎದುರು ದಿಕ್ಕಿನಲ್ಲಿರುತ್ತದೆ. ಚೆಕ್ ಡ್ಯಾಂ ದೂರದಿಂದ ಕಾಣುತ್ತದೆ, ಹಣ ಬೇಗ ಖರ್ಚಾಗುತ್ತದೆ, ಉದ್ಘಾಟನೆಗೆ ಸಿಗುತ್ತದೆ. ಕೆಳಗಿನದನ್ನು ಮೊದಲು ಕಟ್ಟಿದರೆ ಮೇಲಿನ ಬೋಳು ದಿಣ್ಣೆಯ ಹೂಳೆಲ್ಲ ಅದರಲ್ಲೇ ತುಂಬುತ್ತದೆ. ನಂತರ ಬದು ಹಾಕಿದರೆ ಹೂಳು ತುಂಬಿದ ಆ ಚೆಕ್ ಡ್ಯಾಂಗೆ ನೀರೂ ಬರುವುದಿಲ್ಲ. ಕೆಳಗಿನ ಊರಿನ ಕೆರೆ ಬಳಕೆದಾರರಿಬ್ಬರನ್ನು ಯೋಜನೆಯ ಮೊದಲ ವರ್ಷವೇ ಸಭೆಗೆ ಕರೆದು ಈ ಲೆಕ್ಕವನ್ನು ಮುಂದಿಟ್ಟರೆ ಮುಂದಿನ ಮನಸ್ತಾಪ ಬಹುಪಾಲು ತಪ್ಪುತ್ತದೆ.

ಮಳೆಯ ಅಂಕಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ದಾಖಲೆ ಸಿಗುತ್ತದೆ. ಅದರ ಜೊತೆಗೆ ಜಲಾನಯನದೊಳಗೇ ಒಂದು ಸಾದಾ ಮಳೆಮಾಪಕ ಇಟ್ಟು, ಶಾಲೆಯ ಮಕ್ಕಳಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಬರೆಸಿ. ಮೇಲೆ, ನಡುವೆ, ಕೆಳಗೆ ಎಂದು ಹತ್ತು ಹನ್ನೆರಡು ಬಾವಿ ಮತ್ತು ಕೊಳವೆಬಾವಿ ಆರಿಸಿ, ಮೇ ಮತ್ತು ನವೆಂಬರಿನಲ್ಲಿ ತಪ್ಪದೆ ನೀರಿನ ಮಟ್ಟ ಅಳೆಯಿರಿ. ಮೊದಲ ಕಾಮಗಾರಿಗೆ ಮುಂಚಿನ ಒಂದು ಮೇ ಅಳತೆ ಇಲ್ಲದಿದ್ದರೆ ಐದು ವರ್ಷದ ಕೊನೆಯಲ್ಲಿ ನೀರು ಏರಿದೆ ಎಂದು ತೋರಿಸಲು ಯಾವ ಆಧಾರವೂ ಇರುವುದಿಲ್ಲ.

ಅಳತೆ ಪುಸ್ತಕ, ವಂತಿಗೆ, ಫೋಟೊ

ಮಣ್ಣಿನ ಕೆಲಸವನ್ನು ವಾರಕ್ಕೊಮ್ಮೆ ಅಳೆಯಬೇಕು. ಮಳೆ ಬಿದ್ದ ಮೇಲೆ ಕಂದಕದ ಅಳತೆ ಕೂಲಿಕಾರರಿಗೆ ಅನ್ಯಾಯ ಮಾಡುತ್ತದೆ: ಅವರು ಅಗೆದ 60 ಸೆಂಟಿಮೀಟರಿನಲ್ಲಿ 15 ಹೂಳಾಗಿರುತ್ತದೆ, ಅಳತೆ ಪುಸ್ತಕದಲ್ಲಿ 45 ಬರೆಯುತ್ತಾರೆ. ಅಗೆದ ಗುಂಡಿಯ ನಡುವೆ ಮೂಲ ನೆಲಮಟ್ಟ ತೋರಿಸುವ ಒಂದು ಮಣ್ಣಿನ ದಿಂಡು ಬಿಡಿಸಿ, ಅಳತೆ ಆದ ಮೇಲೆ ತೆಗೆಸಿ. ಕೂಲಿ ತಡವಾದರೆ ಎರಡನೇ ವಾರ ಜನ ಬರುವುದಿಲ್ಲ, ಬರಬೇಕೆಂದು ಕೇಳುವುದೂ ನ್ಯಾಯವಲ್ಲ.

ಖಾಸಗಿ ಜಮೀನಿನ ಮಣ್ಣು ನೀರಿನ ಕೆಲಸಕ್ಕೆ ಫಲಾನುಭವಿಗಳ ವಂತಿಗೆ, 2008ರ ಮಾರ್ಗಸೂಚಿಯಂತೆ, ವೆಚ್ಚದ ಕನಿಷ್ಠ ಶೇಕಡಾ 10; ಪರಿಶಿಷ್ಟರು, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಶೇಕಡಾ 5. ಈ ಹಣ ಜಲಾನಯನ ಅಭಿವೃದ್ಧಿ ನಿಧಿಗೆ ಜಮೆಯಾಗಿ, ಯೋಜನೆ ಮುಗಿದ ಮೇಲೆ ಸಾಮೂಹಿಕ ಆಸ್ತಿಯ ದುರಸ್ತಿಗೆ ಉಳಿಯಬೇಕು. ಕೂಲಿಯಲ್ಲೇ ಹಿಡಿದುಕೊಂಡು ವಂತಿಗೆ ಎಂದು ಜಮೆ ಮಾಡುವ ಸುಲಭದ ದಾರಿ ಇದೆ. ಅದರಿಂದ ಭೂರಹಿತ ಕೂಲಿಕಾರರು ಜಮೀನುದಾರರ ಪಾಲನ್ನು ಕಟ್ಟಿದಂತಾಗುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಜಮೀನುದಾರರಿಂದಲೇ ರಸೀದಿ ಕೊಟ್ಟು ಪಡೆಯಿರಿ, ತಡವಾದರೂ ಚಿಂತೆಯಿಲ್ಲ.

ಫೋಟೊಗಳನ್ನು ಕೆಲಸದ ಮೊದಲು, ನಡುವೆ, ನಂತರ ಒಂದೇ ಜಾಗದಿಂದ ತೆಗೆಯಬೇಕು. ಇಸ್ರೊದ ದೂರಸಂವೇದಿ ಕೇಂದ್ರ ರೂಪಿಸಿದ ದೃಷ್ಟಿ ಆ್ಯಪಿನಲ್ಲಿ ತೆಗೆದದ್ದು ಸೃಷ್ಟಿ ಪೋರ್ಟಲಿನ ನಕ್ಷೆಯ ಮೇಲೆ ಕೂರುತ್ತದೆ. ಮೊದಲಿನ ಫೋಟೊ ಮರೆತರೆ ಅದಕ್ಕೆ ಪರಿಹಾರವೇ ಇಲ್ಲ. ನಿಂತ ಜಾಗಕ್ಕೆ ಒಂದು ಕಲ್ಲು ನೆಟ್ಟು ಬಣ್ಣ ಹಚ್ಚಿ, ತಂಡದಲ್ಲಿ ಜನ ಬದಲಾದರೂ ಜಾಗ ಬದಲಾಗುವುದಿಲ್ಲ.

ಸಸಿಗಳ ಬಗ್ಗೆ ಒಂದೇ ಮಾತು: ಗುಂಡಿ ಏಪ್ರಿಲಿನಲ್ಲಿ, ಸಸಿ ಜೂನ್ ಕೊನೆಯಲ್ಲಿ, ಮತ್ತು ಗೋಮಾಳದಲ್ಲಿ ಹಾಕುವುದಿದ್ದರೆ ಕುರಿಗಾಹಿಗಳ ಜೊತೆ ಮಾತಾಡಿದ ಮೇಲೆ. ಅವರ ಕುರಿ ಎಲ್ಲಿ ಮೇಯಬೇಕೆಂದು ತೀರ್ಮಾನಿಸದೆ ನೆಟ್ಟ ತೋಪು ಒಂದು ಬೇಸಿಗೆ ದಾಟುವುದಿಲ್ಲ.

ಯಾರ ನೆರವು, ಯಾವಾಗ

ಮಣ್ಣು ಸಂರಕ್ಷಣಾ ವಿನ್ಯಾಸದಲ್ಲಿ ಅನುಮಾನ ಬಂದರೆ, ವಿಶೇಷವಾಗಿ ಎರೆಭೂಮಿಗೆ, ಬಳ್ಳಾರಿಯಲ್ಲಿರುವ ಭಾರತೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆಯ ಸಂಶೋಧನಾ ಕೇಂದ್ರ ಸರಿಯಾದ ಜಾಗ. 1950ರ ದಶಕದಿಂದ ಅದೇ ಕೆಲಸ ಮಾಡುತ್ತಿರುವವರು. ಕೃಷಿ ವಿಶ್ವವಿದ್ಯಾಲಯಗಳ ಮಣ್ಣು ಮತ್ತು ನೀರು ಎಂಜಿನಿಯರಿಂಗ್ ವಿಭಾಗದವರು ವಿನ್ಯಾಸ ತಿದ್ದಿಕೊಡುತ್ತಾರೆ, ಆದರೆ ಸಪ್ಟೆಂಬರಿನಲ್ಲಿ ಪತ್ರ ಬರೆದರೆ ಮಾತ್ರ. ಮಾರ್ಚಿನಲ್ಲಿ ಅವರಿಗೆ ಪರೀಕ್ಷೆ, ನಿಮಗೆ ವರ್ಷಾಂತ್ಯ. ಬೆಳೆ ಪ್ರಾತ್ಯಕ್ಷಿಕೆಗೆ ಕೃಷಿ ವಿಜ್ಞಾನ ಕೇಂದ್ರ, ನೀರು ಬಳಕೆದಾರರ ಗುಂಪುಗಳ ತರಬೇತಿಗೆ ಧಾರವಾಡದ ವಾಲ್ಮಿ (ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ), ತಂಡದ ಸದಸ್ಯರ ತರಬೇತಿಗೆ ಜಿಲ್ಲಾ ಕೃಷಿ ತರಬೇತಿ ಕೇಂದ್ರ. ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್‌ನಲ್ಲೂ 1999-2000ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಜಲಾನಯನ ಅಭಿವೃದ್ಧಿ ನಿಧಿ ಇದೆ. ಆ ನಿಧಿಯಲ್ಲಿ ಕೆಲಸ ಮಾಡಿದ ಸ್ವಯಂಸೇವಾ ಸಂಸ್ಥೆಗಳು ನಿಮ್ಮ ಜಿಲ್ಲೆಯಲ್ಲಿದ್ದರೆ ಹುಡುಕಿಕೊಂಡು ಹೋಗಿ. ಹೊಲಹೊಲದ ಯೋಜನೆ ಮತ್ತು ಶ್ರಮದಾನವನ್ನು ಅವರಷ್ಟು ಚೆನ್ನಾಗಿ ನಡೆಸಿದವರು ಕಡಿಮೆ.

ಎಲ್ಲಕ್ಕಿಂತ ಬೇಗ ಸಿಗುವ ನೆರವು ಪಕ್ಕದ ತಾಲ್ಲೂಕಿನ ಸಂಯೋಜಕರದು. ಅವರ ಒಡೆದ ಬದು, ಉಳಿದ ಬದು ಎರಡನ್ನೂ ನೋಡಿ ಬನ್ನಿ, ನಿಮ್ಮದನ್ನೂ ಅವರಿಗೆ ತೋರಿಸಿ. ಸಮಿತಿಯ ಸದಸ್ಯರನ್ನು ಅಧ್ಯಯನ ಪ್ರವಾಸಕ್ಕೆ ಕರೆದೊಯ್ಯುವುದಾದರೂ ಹೆಸರಾದ ಊರಿಗಿಂತ ಹತ್ತು ವರ್ಷದ ಹಿಂದೆ ಯೋಜನೆ ಮುಗಿದ ಹತ್ತಿರದ ಊರಿಗೆ ಒಯ್ಯಿರಿ. ದುರಸ್ತಿ ಯಾರು ಮಾಡುತ್ತಿದ್ದಾರೆ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುವುದು.

ಹಸ್ತಾಂತರಕ್ಕೆ ಕೊನೆಯ ಆರು ತಿಂಗಳು ಬೇಕು. ಪ್ರತಿ ರಚನೆಗೆ ಒಂದು ಸಂಖ್ಯೆ, ಸರ್ವೆ ನಂಬರ್, ಬಳಕೆದಾರರ ಗುಂಪಿನ ಹೆಸರು ಇರುವ ಪಟ್ಟಿ ಪಂಚಾಯಿತಿಯ ಆಸ್ತಿ ವಹಿಯಲ್ಲಿ ದಾಖಲಾಗಬೇಕು. ದಾಖಲಾಗದ ಚೆಕ್ ಡ್ಯಾಂಗೆ ಮುಂದೆ ದುರಸ್ತಿ ಅನುದಾನ ಯಾರೂ ಕೊಡುವುದಿಲ್ಲ. ನಿಧಿಯ ಪಾಸ್‌ಬುಕ್, ಠರಾವಿನ ಪ್ರತಿ, ಸಹಿ ಅಧಿಕಾರದ ಬದಲಾವಣೆ ಪತ್ರ ಮೂರನ್ನೂ ಒಂದೇ ದಿನ ಒಪ್ಪಿಸಿ. ಸಹಿ ಬದಲಾಗದೆ ಉಳಿದರೆ ನಿಧಿ ಬ್ಯಾಂಕಿನಲ್ಲೇ ಸಿಕ್ಕಿಕೊಳ್ಳುತ್ತದೆ, ಅದನ್ನು ಬಿಡಿಸಲು ಮತ್ತೆ ನೀವೇ ಓಡಾಡಬೇಕು.

ಅದರ ಜೊತೆಗೆ ಪ್ರತಿ ಬಳಕೆದಾರರ ಗುಂಪಿಗೂ ಒಂದು ಪುಟದ ಹಾಳೆ ಕೊಟ್ಟೆವು. ಜೋರುಮಳೆ ನಿಂತ ಮರುದಿನ ನೋಡಬೇಕಾದ್ದು ಅದರಲ್ಲಿದೆ: ಕೋಡಿಯ ಬಾಯಲ್ಲಿ ಕಸ ಸಿಕ್ಕಿದೆಯೇ, ಬದುವಿನ ಮೇಲೆ ಏಡಿ ಅಥವಾ ಇಲಿಯ ಬಿಲವಿದೆಯೇ, ಚೆಕ್ ಡ್ಯಾಂ ಕೆಳಗಿನ ಕಲ್ಲುಹಾಸು ಕದಲಿದೆಯೇ, ದಡದ ಬದಿಯಲ್ಲಿ ನೀರು ಜಿನುಗುತ್ತಿದೆಯೇ. ಒಂದು ಬುಟ್ಟಿ ಮಣ್ಣಿನಲ್ಲಿ ಮುಚ್ಚುವ ಬಿಲ ಎರಡನೇ ಮಳೆಗೆ ಟ್ರ್ಯಾಕ್ಟರ್ ಮಣ್ಣು ಕೇಳುತ್ತದೆ. ಹಾಳೆಗೆ ಪ್ಲಾಸ್ಟಿಕ್ ಹಾಕಿಸಿ, ಒಂದು ಪ್ರತಿಯನ್ನು ಪಂಚಾಯಿತಿಯ ಕಡತಕ್ಕೆ ಸೇರಿಸಿ, ಇನ್ನೊಂದನ್ನು ಹಳ್ಳಕ್ಕೆ ಹತ್ತಿರದ ಮನೆಯ ಜಗಲಿಯ ಗೋಡೆಗೆ ಹೊಡೆಸಿದ್ದೇವೆ.